ಚಿನ್ನಿಯ ಪ್ಯಾಕೆಟ್ ಊಟ: ಮೂರು ತಿಂಗಳ ಲೆಕ್ಕ

ಬೇಯಿಸಿ ಮನೆಗೆ ತಂದುಕೊಡುವ ನಾಯಿ ಊಟವನ್ನು ಮೂರು ತಿಂಗಳು ಹಾಕಿ ನೋಡಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ನಮ್ಮ ಚಿನ್ನಿ ಲ್ಯಾಬ್ರಡಾರ್ ನಾಯಿ. ಆರು ವರ್ಷ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದ ಮೇಲೆ ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತಾ ಬಂದಳು. ಜನವರಿಯಲ್ಲಿ ಲಸಿಕೆಗೆ ಕರೆದುಕೊಂಡು ಹೋದಾಗ ತೂಕದ ಯಂತ್ರ 36 ಕೆಜಿ ತೋರಿಸಿತು. ಡಾಕ್ಟರು ಬೈಯಲಿಲ್ಲ. ನನ್ನ ಕೈ ಚಾಚಿಸಿದರು.

"ನಿಮ್ಮ ಕೈಯ ಹಿಂಭಾಗ ಸವರಿ ನೋಡಿ. ನಾಯಿಯ ಪಕ್ಕೆಲುಬು ಹೀಗೆ ಸಿಗಬೇಕು. ಮುಷ್ಟಿ ಕಟ್ಟಿದಾಗ ಗೆಣ್ಣು ಸಿಗುತ್ತಲ್ಲ, ಹಾಗಿದ್ದರೆ ನಾಯಿ ಬಡಕಲು. ಈಗ ಅಂಗೈ ಒತ್ತಿ."

ಒತ್ತಿದೆ. ಮೂಳೆ ಎಲ್ಲೋ ಒಳಗೆ.

"ನಿಮ್ಮ ಚಿನ್ನಿಯ ಪಕ್ಕೆಲುಬು ಈಗ ಹೀಗಿದೆ" ಅಂದರು. 29 ಕೆಜಿಗೆ ಇಳಿಸಬೇಕು, ದಿನಕ್ಕೆ 875 ಕ್ಯಾಲರಿ, ಅಷ್ಟೇ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ನಮ್ಮದು ಮೈಸೂರಿನ ಸಸ್ಯಾಹಾರಿ ಮನೆ. ಅಡುಗೆಮನೆಗೆ ಮೊಟ್ಟೆ ಕೂಡ ಬರುವ ಹಾಗಿಲ್ಲ. ಇಷ್ಟು ವರ್ಷ ಚಿನ್ನಿಗೆ ಮೂಟೆಯ ಒಣ ಆಹಾರ, ಮೇಲೆ ಮೊಸರನ್ನ. ಬದಲಾಯಿಸೋಣ ಎಂದು ಪೆಟ್ ಅಂಗಡಿಗೆ ಹೋದರೆ ಅಲ್ಲಿಯ ಹುಡುಗ ಧಾನ್ಯವೇ ಇಲ್ಲದ ದುಬಾರಿ ಮೂಟೆ ತೋರಿಸಿ, "ತೋಳ ತಿನ್ನೋ ಊಟ ಮೇಡಂ" ಅಂದ. ಚಿನ್ನಿ ಬಾಗಿಲ ಬಳಿ ಯಾರದೋ ಚಪ್ಪಲಿ ಮೂಸುತ್ತಾ ನಿಂತಿದ್ದಳು. ತೋಳ ಅಂತೆ! ಮನುಷ್ಯರ ಜೊತೆ ಬಾಳಿ ಬಾಳಿ ನಾಯಿಗಳಿಗೆ ಪಿಷ್ಟ ಜೀರ್ಣಿಸಿಕೊಳ್ಳುವ ಶಕ್ತಿ ತೋಳಕ್ಕಿಂತ ಎಷ್ಟೋ ಜಾಸ್ತಿ ಬಂದಿದೆ. 2013ರಲ್ಲಿ ಅದರ ಜೀನುಗಳನ್ನೂ ಗುರುತಿಸಿದ್ದಾರೆ. ಮಂಡ್ಯ ಕಡೆಯ ನಮ್ಮ ತವರಿನ ನಾಯಿ ರಾಗಿಮುದ್ದೆ ನುಂಗಿಕೊಂಡೇ ಹದಿಮೂರು ವರ್ಷ ಬದುಕಿತ್ತು.

ಆಗ ಸಿಕ್ಕಿದ್ದು ಈ ಇಬ್ಬರು ಹುಡುಗರ ಸರ್ವೀಸ್. ತಮ್ಮ ಮನೆಯಲ್ಲೇ ನಾಯಿಗಳಿಗೆ ಅಡುಗೆ ಮಾಡಿ, ಫ್ರೀಜ್ ಮಾಡಿ, ವಾರಕ್ಕೆ ಎರಡು ಸಲ ಸ್ಕೂಟರಿನಲ್ಲಿ ತಂದುಕೊಡುತ್ತಾರೆ. ಹೆಸರು ಬರೆಯುವುದಿಲ್ಲ. ತಪ್ಪುಗಳನ್ನೂ ಹೇಳುವುದಿದೆ, ಅವರು ಈಗಷ್ಟೇ ಶುರು ಮಾಡಿದವರು. ಗ್ಯಾರೇಜಿನಲ್ಲಿದ್ದ ಹಳೇ ಫ್ರಿಜ್‌ಗೆ ಮತ್ತೆ ಜೀವ ಬಂತು. ಅತ್ತೆಯವರು ಅದರ ಬಾಗಿಲಿಗೆ ಕುಂಕುಮ ಇಡಲಿಲ್ಲ, ಅಷ್ಟೇ.

ಮೊದಲು ಒಳ್ಳೆಯದು ಹೇಳುತ್ತೇನೆ. ಊಟ ನಿಜಕ್ಕೂ ಚೆನ್ನಾಗಿದೆ. ಕೋಳಿ, ಅನ್ನ, ಸಿಹಿಗುಂಬಳ ಒಂದು. ಮೀನು, ರಾಗಿ, ಬೀನ್ಸ್ ಇನ್ನೊಂದು. ತುಂಡುಗಳು ಕಣ್ಣಿಗೆ ಕಾಣುತ್ತವೆ. ಉಪ್ಪು, ಮಸಾಲೆ ಇಲ್ಲ. ಮೂಳೆಯೂ ಇಲ್ಲ (ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ, ದಯವಿಟ್ಟು ಕೊಡಬೇಡಿ). ನನಗೆ ತುಂಬಾ ಇಷ್ಟವಾದದ್ದು ಮೊಟ್ಟೆ ಚಿಪ್ಪಿನ ಪುಡಿ. ಬರೀ ಕೋಳಿ-ಅನ್ನ ಬೇಯಿಸಿ ಹಾಕುವ ಮನೆಗಳಲ್ಲಿ ತಪ್ಪುವುದು ಇಲ್ಲೇ. ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗೇ ತಿಂಗಳುಗಟ್ಟಲೆ ತಿಂದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಒಂದು ಟೀ ಚಮಚ ಚಿಪ್ಪಿನ ಪುಡಿಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಈ ಹುಡುಗರು ಅದನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಹಾಕುತ್ತಾರೆ.

ಪ್ಯಾಕೆಟ್ ಮೇಲೆ ಪ್ರೊಟೀನ್ ಶೇ. 10 ಎಂದಿದೆ. ಪಕ್ಕದ ಮನೆಯವರು ನೋಡಿ, "ನಮ್ಮ ಮೂಟೆಯಲ್ಲಿ 22 ಇದೆ, ನಿಮಗೆ ಟೋಪಿ ಹಾಕಿದ್ದಾರೆ" ಎಂದು ನಕ್ಕರು. ಹಾಲನ್ನೂ ಹಾಲಿನ ಪುಡಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ ಹಾಗಾಯಿತು ಇದು. ಈ ಪ್ಯಾಕೆಟ್‌ನಲ್ಲಿ ಶೇ. 72 ನೀರು. ನೀರು ತೆಗೆದು ಉಳಿದ 28ರಲ್ಲಿ 10 ಪ್ರೊಟೀನ್, ಅಂದರೆ ಹತ್ತಿರ ಹತ್ತಿರ ಶೇ. 36. ಅವರ ಮೂಟೆಯಲ್ಲಿ ನೀರು ಶೇ. 10 ಮಾತ್ರ, ಅದನ್ನು ಕಳೆದರೆ ಪ್ರೊಟೀನ್ ಶೇ. 24. ಅವರಿಗೆ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ.

ಈಗ ದೂರು. ಎರಡನೇ ವಾರದ ಒಂದು ಪ್ಯಾಕೆಟ್ ಬಿಚ್ಚಿದರೆ ಘಮ್ಮೆಂದು ಬೆಳ್ಳುಳ್ಳಿ! ಫೋನ್ ಮಾಡಿದೆ. "ಉಣ್ಣಿ ಹತ್ತಲ್ಲ ಆಂಟಿ, ಅದಕ್ಕೇ ಹಾಕಿದ್ವಿ" ಅಂದ ಒಬ್ಬ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ರಕ್ತಹೀನತೆ ಬರಬಹುದು. ದ್ರಾಕ್ಷಿ ಕಿಡ್ನಿಗೆ ಕೆಟ್ಟದ್ದು. ಇದು ನನಗೇ ಗೊತ್ತಿರುವಾಗ ದುಡ್ಡು ತೆಗೆದುಕೊಂಡು ಅಡುಗೆ ಮಾಡುವವರಿಗೆ ಗೊತ್ತಿರಬೇಡವೇ? ಆ ಕಂತಿನ ಪ್ಯಾಕೆಟ್ಟೆಲ್ಲಾ ವಾಪಸ್ ತೆಗೆದುಕೊಂಡರು, ಆಮೇಲೆ ಹಾಕಲಿಲ್ಲ. ಆದರೂ ಆ ಒಂದು ಫೋನಿಗೆ ನಾನು ಒಂದು ಸ್ಟಾರ್ ಕಿತ್ತುಕೊಂಡೆ.

ಅದಕ್ಕಿಂತ ದೊಡ್ಡ ದೂರು ಅಳತೆಯದ್ದು. "ನಾಯಿಯ ತೂಕದ ಶೇ. 3ರಷ್ಟು ಕೊಡಿ" ಎಂದು ಚೀಟಿ ಅಂಟಿಸಿದ್ದಾರೆ. ಚಿನ್ನಿಗೆ ದಿನಕ್ಕೆ ಒಂದು ಕಿಲೋ ದಾಟುತ್ತದೆ. ಕ್ಯಾಲರಿ ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ಹಿಂದೆ ಬಿದ್ದು ಕೇಳಿದ ಮೇಲೆ ಲ್ಯಾಬ್ ರಿಪೋರ್ಟ್ ಕಳಿಸಿದರು: 100 ಗ್ರಾಂಗೆ 130. ಅಂದರೆ ಅವರ ಚೀಟಿ ನಂಬಿದ್ದರೆ ದಿನಕ್ಕೆ 1,400 ಕ್ಯಾಲರಿ! ದಪ್ಪ ನಾಯಿಗೆ ಅದರ ದಪ್ಪದ ಲೆಕ್ಕದಲ್ಲೇ ಊಟ ಹಾಕಿದರೆ ಅದು ಇಳಿಯುವುದು ಯಾವಾಗ? 670 ಗ್ರಾಂ ಸಾಕಿತ್ತು. ಒಂದು ಪುಟ್ಟ ಡಿಜಿಟಲ್ ತಕ್ಕಡಿ ತಂದೆ. ಈ ಇಡೀ ಪ್ರಸಂಗದಲ್ಲಿ ಅತಿ ಉಪಯೋಗದ ಖರ್ಚು ಅದೇ ಅನ್ನಿಸುತ್ತದೆ.

ತೂಗಿ ಹಾಕಿದರೂ ಮೊದಲ ತಿಂಗಳು ಚಿನ್ನಿ 200 ಗ್ರಾಂ ಕೂಡ ಇಳಿಯಲಿಲ್ಲ. ಹುಡುಗರನ್ನೇ ಅನುಮಾನಿಸಿದೆ. ಒಂದು ದಿನ ಬೆಳಿಗ್ಗೆ ಬೇಗ ಎದ್ದಾಗ ಗೊತ್ತಾಯಿತು. ಅತ್ತೆ ಹಿತ್ತಲಲ್ಲಿ ಕೂತು ತುಪ್ಪ ಸವರಿದ ಚಪಾತಿ ಚೂರು ಚೂರು ಮಾಡಿ ತಿನ್ನಿಸುತ್ತಿದ್ದರು. ದಿನಕ್ಕೆ ಎರಡು ಚಪಾತಿ, ಅಂದರೆ ಸುಮಾರು 290 ಕ್ಯಾಲರಿ, ಅವಳ ದಿನದ ಊಟದ ಮೂರನೇ ಒಂದು ಪಾಲು.

"ಮೂಕಪ್ರಾಣಿ ಕಣೇ, ತಕ್ಕಡೀಲಿ ತೂಗಿ ಅನ್ನ ಹಾಕ್ತಾರೇನೇ?" ಎಂದರು ಅತ್ತೆ. ಚಿನ್ನಿ ನನ್ನ ಮುಖ ನೋಡಲೇ ಇಲ್ಲ.

ದುಡ್ಡಿನ ವಿಷಯ. 500 ಗ್ರಾಂ ಪ್ಯಾಕೆಟ್‌ಗೆ 130 ರೂಪಾಯಿ. ನಮಗೆ ತಿಂಗಳಿಗೆ 5,200ರ ಆಸುಪಾಸು ಆಗುತ್ತದೆ. ಮೂಟೆಯ ಆಹಾರವನ್ನೇ ಸರಿಯಾಗಿ ತೂಗಿ ಹಾಕಿದ್ದರೆ ಇದರ ಅರ್ಧವೂ ಆಗುತ್ತಿರಲಿಲ್ಲ, ಅದರಲ್ಲೂ ಚಿನ್ನಿ ಇಳಿಯುತ್ತಿದ್ದಳು. ಸುಳ್ಳು ಯಾಕೆ ಹೇಳಲಿ? ಏಪ್ರಿಲ್ ಬಿಸಿಲಿಗೆ ಒಮ್ಮೆ ಪೂರ್ತಿ ಕರಗಿ ಬಂತು, ಬದಲಿ ಕೊಟ್ಟರು. ಶುರುವಿನಲ್ಲಿ ಚಿನ್ನಿಗೆ ಭೇದಿ ಆಗಿದ್ದು ಅವರ ತಪ್ಪಲ್ಲ. ಏಳು ದಿನ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಎಂದು ಹೇಳಿದ್ದರು, ನಾನು ಎರಡೇ ದಿನಕ್ಕೆ ಬದಲಾಯಿಸಿದ್ದೆ. ದೊಡ್ಡ ಜಾತಿಯ ಮರಿ ಇದ್ದರೆ ಮಾತ್ರ ಇವರ ಊಟ ಸದ್ಯಕ್ಕೆ ಬೇಡ. ಬೆಳೆಯುವ ಮೂಳೆಗೆ ಕ್ಯಾಲ್ಸಿಯಂ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ, ಮತ್ತೆ ಇವರ ಬಳಿ ಮರಿಗಳಿಗೆ ಬೇರೆ ಅಳತೆ ಇಲ್ಲ.

ಐದಕ್ಕೆ ಮೂರು ಸ್ಟಾರ್. ಕ್ಯಾಲರಿಯನ್ನು ಪ್ಯಾಕೆಟ್ ಮೇಲೆ ಅಚ್ಚು ಹಾಕಿದ ದಿನ ನಾಲ್ಕು.

ಮೊನ್ನೆ ತೂಕ 33.8 ಬಂತು. ಪಕ್ಕೆಲುಬು ಒತ್ತಿದರೆ ಸಿಗುತ್ತಿದೆ. ಅತ್ತೆ ಈಗ ಚಪಾತಿ ಬಿಟ್ಟು ಸೌತೆಕಾಯಿ ಹೆಚ್ಚಿ ಕೊಡುತ್ತಾರೆ. ತುಪ್ಪ ಸವರಿದ್ದಾರಾ ಎಂದು ನಾನು ಆಗಾಗ ಮೂಸಿ ನೋಡುವುದಿದೆ.