ಅಂಬಾಸಿಡರ್ ಡ್ಯಾಶ್‌ಬೋರ್ಡ್: ಪೂರ್ತಿ ಬಿಚ್ಚಬೇಕಾ, ಮೀಟರ್ ತೆಗೆದರೆ ಸಾಕಾ?

ಕೆಟ್ಟಿರುವುದು ಸ್ಪೀಡೋಮೀಟರ್ ಅಥವಾ ಒಂದೆರಡು ಬಲ್ಬ್ ಮಾತ್ರ ಅಲ್ವಾ? ಹಾಗಾದರೆ ಸುಮ್ನೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಡಿ, ಮೀಟರ್ ಅಷ್ಟೇ ತೆಗೆಯಿರಿ. ಖರ್ಚೂ ಕಡಿಮೆ, ಸಮಯವೂ ಉಳಿಯುತ್ತದೆ. ಜೋರಾಗಿ ಎಳೆಯಬೇಡಿ. ಗೇರ್‌ಬಾಕ್ಸ್‌ನಿಂದ ಬರುವ ಕೇಬಲ್ ಹಿಂದೆ ಸಿಕ್ಕಿಕೊಂಡಿರುತ್ತದೆ, ಮೊದಲು ಅದನ್ನು ಬಿಡಿಸಿ.

ವೈರಿಂಗ್ ಹಳೆಯದಾಗಿದ್ದರೆ ಮಾತು ಬೇರೆ. ಬ್ಯಾಟರಿ ಕಳಚಿ, ಒಂದು ವೈರನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ ನೋಡಿ. ಮೇಲಿನ ಹೊದಿಕೆ ಹಪ್ಪಳದ ಹಾಗೆ ಪುಡಿಯಾದರೆ ಟೇಪ್ ಸುತ್ತಿ ಬಿಡುವುದು ಅಪಾಯ. ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಆಗ ಪೂರ್ತಿ ಬಿಚ್ಚುವುದೇ ಒಳ್ಳೆಯದು. ಲೇಬರ್ ಜಾಸ್ತಿ, ಗಾಡಿ ಕೆಲವು ದಿನ ನಿಲ್ಲುತ್ತದೆ. ಆದರೆ ಮುಂದಿನ ಗಾಜಿನ ಕೆಳಗಿನ ತುಕ್ಕೂ ಕಣ್ಣಿಗೆ ಬೀಳುತ್ತದೆ, ಮತ್ತೆ ಮತ್ತೆ ಕೈ ಹಾಕುವುದು ತಪ್ಪುತ್ತದೆ. ಪ್ರತಿ ವೈರಿಗೂ ಚೀಟಿ ಅಂಟಿಸಿ, ಫೋಟೋ ತೆಗೆದಿಡಿ.

ಒಂದು ಭಯ ಮಾತ್ರ ಇದೆ. ಹಳೇ ಪ್ಲಾಸ್ಟಿಕ್ ಬಿಚ್ಚುವಾಗಲೇ ಸೀಳಬಹುದು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಹಾಗಾಗಿ ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿಕೊಂಡೇ ಸ್ಕ್ರೂಡ್ರೈವರ್ ಹಿಡಿಯಿರಿ. ದಿನಾ ಓಡಿಸುವ ಗಾಡಿಯಾದರೆ ಈಗ ಮೀಟರ್ ಕೆಲಸ ಮುಗಿಸಿ, ವೈರಿಂಗ್ ಚೆನ್ನಾಗಿದ್ದರೆ ಉಳಿದದ್ದನ್ನು ಪೇಂಟಿಂಗ್‌ಗೆ ಬಿಡುವಾಗ ಮಾಡಿಸಬಹುದು.