ಯುಜಿಡಿ (ಒಳಚರಂಡಿ) ನೀರು ಮನೆಯೊಳಗೆ ಉಕ್ಕದಂತೆ: 110 ಎಂಎಂ ಪಿವಿಸಿ ನಾನ್ ರಿಟರ್ನ್ ವಾಲ್ವ್

ಬೆಂಗಳೂರಿನಲ್ಲಿ ರಾಜಕಾಲುವೆ ಪಕ್ಕದ, ತಗ್ಗಿನ ಮನೆಗಳಿಗೆ ಜೋರು ಮಳೆಯಲ್ಲಿ ನೀರು ಗೇಟಿನಿಂದಷ್ಟೇ ಅಲ್ಲ, ಕಮೋಡ್ ಮತ್ತು ಬಚ್ಚಲಿನಿಂದಲೂ ನುಗ್ಗುತ್ತದೆ. ರಸ್ತೆಯ ಮ್ಯಾನ್‌ಹೋಲ್ ತುಂಬಿದಾಗ ಕೊಳಚೆ ಹಿಂದಕ್ಕೆ ಬರುವುದೇ ಕಾರಣ. ನೀರನ್ನು ಹೊರಕ್ಕೆ ಮಾತ್ರ ಬಿಡುವ ಈ ವಾಲ್ವ್ ಅದನ್ನು ಚೆನ್ನಾಗಿ ತಡೆಯುತ್ತದೆ, ಸರಿಯಾಗಿ ಕೂರಿಸಿದರೆ ಮಾತ್ರ.

ಜಾಗ: ಮನೆಯ ಕೊನೆಯ ಚೇಂಬರ್ ಮತ್ತು ರಸ್ತೆಯ ಲೈನ್ ನಡುವೆ. ಬಾಣದ ಗುರುತು ರಸ್ತೆಯ ಕಡೆಗಿರಲಿ. ಮೇಲಿನ ಮುಚ್ಚಳ ಬಿಚ್ಚಲು ಕೈಯಾಡುವಷ್ಟು ಜಾಗ ಬಿಡಿಸಿ. ಕಾಂಕ್ರೀಟ್‌ನಲ್ಲಿ ಹೂತರೆ ಮುಗಿಯಿತು. ಏಕೆಂದರೆ ಇದು ಹೆಚ್ಚಾಗಿ ಕೆಡುವುದು ಹೀಗೆ: ಕೂದಲು, ಪ್ಲಾಸ್ಟಿಕ್, ಜಿಡ್ಡು ಸಿಕ್ಕಿಕೊಂಡು ಫ್ಲ್ಯಾಪ್ (ಒಳಗಿನ ಪುಟ್ಟ ಬಾಗಿಲು) ಅರ್ಧ ತೆರೆದೇ ನಿಲ್ಲುತ್ತದೆ. ಮೇ ತಿಂಗಳಲ್ಲೇ ತೆರೆದು ತೊಳೆದು, ರಬ್ಬರ್ ಅಂಚು ಗಟ್ಟಿಯಾಗಿದ್ದರೆ ಬದಲಿಸಿ.

ಅಂಗಡಿಯವರು ಹೇಳದ ಮುಖ್ಯ ವಿಷಯವೊಂದಿದೆ. ವಾಲ್ವ್ ಮುಚ್ಚಿದಾಗ ನಿಮ್ಮ ಮನೆಯ ನೀರೂ ಹೊರಹೋಗದು. ಆಗ ಫ್ಲಶ್, ವಾಷಿಂಗ್ ಮಷಿನ್ ಬಳಸಬೇಡಿ. ತಾರಸಿಯ ಮಳೆನೀರಿನ ಪೈಪ್ ಇದೇ ಲೈನಿಗೆ ಸೇರಿದ್ದರೆ ಮೊದಲು ಅದನ್ನು ಬೇರ್ಪಡಿಸಿ. ಇಲ್ಲದಿದ್ದರೆ ನಿಮ್ಮದೇ ತಾರಸಿ ನೀರು ಬಚ್ಚಲಲ್ಲಿ ಏಳುತ್ತದೆ.

ಗೇಟಿನಿಂದ ಬರುವ ನೀರಿಗೆ ಇದು ಪರಿಹಾರವಲ್ಲ. ಆದರೂ ನೆಲಮಹಡಿ ಮನೆಗೆ ನಾವು ಮೊದಲು ಹಾಕಿಸಿ ಎನ್ನುವುದು ಇದನ್ನೇ.