ಭಿತ್ತಿಚಿತ್ರದ ಬಟ್ಟೆ: ಯುವಜನರ ಕಲಾ ಕಾರ್ಯಕ್ರಮಕ್ಕೆ ಒಗ್ಗುತ್ತದೆಯೇ?

ಬೀದಿಯ ಗೋಡೆಗೆ ದೊಡ್ಡ ಚಿತ್ರ ಬರೆಸಬೇಕು, ಅದನ್ನು ಅಲ್ಲಿನ ಹುಡುಗ ಹುಡುಗಿಯರೇ ಬರೆಯಬೇಕು, ಅದರಲ್ಲೂ ಒಬ್ಬರ ಮುಖ ಒಬ್ಬರು ನೋಡದ ಎರಡು ಬೀದಿಗಳವರು ಕೂಡಿ ಬರೆಯಬೇಕು ಎಂದು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು: ನೇರ ಗೋಡೆಗೇ ಬಣ್ಣ ಹಚ್ಚಿಸುವುದೋ, ಬಟ್ಟೆಯ ಮೇಲೆ ಬರೆಸಿ ಆಮೇಲೆ ಅಂಟಿಸುವುದೋ? ಇಲ್ಲಿ ಪರಿಶೀಲಿಸಿರುವುದು ಎರಡನೆಯದನ್ನು. ತೀರ್ಮಾನ ಮೊದಲೇ ಹೇಳಿಬಿಡುವುದಾದರೆ, ಹದಿಹರೆಯದವರ ಕಾರ್ಯಕ್ರಮಕ್ಕೆ ಬಟ್ಟೆಯೇ ಮೇಲು. ಆದರೆ ಅದರ ಬೆನ್ನಿಗೇ ಒಂದು ಕೆಟ್ಟ ಅಭ್ಯಾಸವೂ ಬರುತ್ತದೆ. ಅದನ್ನು ತಡೆಯದಿದ್ದರೆ ಚಿತ್ರ ಉಳಿಯುತ್ತದೆ, ಕಾರ್ಯಕ್ರಮದ ಉದ್ದೇಶ ಉಳಿಯುವುದಿಲ್ಲ.

ಬಟ್ಟೆ ಎಂದರೆ ಕ್ಯಾನ್ವಾಸ್ ಅಲ್ಲ. ಪಾಲಿಯೆಸ್ಟರ್ ಎಳೆಗಳನ್ನು ನೇಯದೆ, ಒತ್ತಿ ಹಾಳೆಯಂತೆ ಮಾಡಿದ ತೆಳುವಾದ ವಸ್ತು. ಪ್ಯಾರಾಶೂಟ್ ಬಟ್ಟೆ ಎಂದೂ ಪಾಲಿಟ್ಯಾಬ್ ಎಂದೂ ಕರೆಯುತ್ತಾರೆ. ಹೆಸರು ನಂಬಿ ನಿಜವಾದ ಪ್ಯಾರಾಶೂಟ್ ನೈಲಾನ್ ತಂದರೆ ಕೆಲಸ ಕೆಟ್ಟಿತು. ಆ ನುಣುಪಿಗೆ ಅಂಟು ಹಿಡಿಯುವುದಿಲ್ಲ. ನೇಯದ ಬಟ್ಟೆಯಲ್ಲಿ ಬಣ್ಣ ಮುಂದಿನಿಂದ, ಅಂಟು ಹಿಂದಿನಿಂದ ಎಳೆಗಳ ನಡುವೆ ಇಳಿದು ಒಂದಾಗಿಬಿಡುತ್ತವೆ. ಕತ್ತರಿಸಿದರೂ ಅಂಚು ಎಳೆ ಬಿಡುವುದಿಲ್ಲ. ಒಣಗಿದ ಮೇಲೆ ಗೋಡೆಗೇ ಬರೆದಂತೆ ಕಾಣುತ್ತದೆ.

ಈ ವಿಧಾನಕ್ಕೆ ಹೆಸರು ತಂದದ್ದು ಅಮೆರಿಕದ ಫಿಲಡೆಲ್ಫಿಯಾದ ಮ್ಯೂರಲ್ ಆರ್ಟ್ಸ್ ಎಂಬ ಭಿತ್ತಿಚಿತ್ರ ಸಂಸ್ಥೆ. ಗೋಡೆಗಳ ಮೇಲೆ ಗೀಚುತ್ತಿದ್ದ ಯುವಕರ ಕೈಯನ್ನು ಚಿತ್ರದತ್ತ ತಿರುಗಿಸಲು 1984ರಲ್ಲಿ ನಗರಾಡಳಿತ ಆರಂಭಿಸಿದ ಯೋಜನೆಯಿಂದ, ಜೇನ್ ಗೋಲ್ಡನ್ ಅವರ ಮುಂದಾಳತ್ವದಲ್ಲಿ ಅದು ಬೆಳೆಯಿತು. ಗ್ರೇಟರ್‌ಫರ್ಡ್ ಸೆರೆಮನೆಯ ಕೈದಿಗಳು ಒಳಗೆ ಕೂತು ಬರೆದ ಬಟ್ಟೆ ಹೊರಗಿನ ಗೋಡೆ ಏರಿದ್ದೂ, ಅದೇ ಕೆಲಸಕ್ಕೆ ಅಪರಾಧಗಳಿಂದ ನೊಂದ ಕುಟುಂಬಗಳವರು ಕೈ ಜೋಡಿಸಿದ್ದೂ ಈ ವಿಧಾನದಿಂದಲೇ. ಬಟ್ಟೆಯ ದೊಡ್ಡ ಗುಣ ಇದೇ: ಗೋಡೆಯ ಬಳಿ ಹೋಗಲಾಗದವರ ಹತ್ತಿರಕ್ಕೆ ಗೋಡೆಯೇ ಹೋಗುತ್ತದೆ. ಎದುರು ಬೀದಿಗೆ ಕಾಲಿಡಲು ಹೆದರುವ ಹುಡುಗನಿಗೆ, ಅಟ್ಟಣಿಗೆ ಹತ್ತಲಾಗದ ಗಾಲಿಕುರ್ಚಿಯ ಹುಡುಗಿಗೆ ಬೇರೆ ದಾರಿ ಇರುವುದಿಲ್ಲ.

ಕೆಲಸದ ಕ್ರಮ ಹೀಗೆ. ಬಟ್ಟೆಯನ್ನು 5 ಅಡಿ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಹಿಂದೆ ಸಾಲಿನ ಅಕ್ಷರ, ಅಂಕಣದ ಸಂಖ್ಯೆ ಮತ್ತು ಮೇಲ್ಮುಖದ ಬಾಣ ಬರೆಯಬೇಕು. ಬಾಣ ಮರೆತರೆ ಆಕಾಶದ ಚೌಕಗಳು ತಲೆಕೆಳಗಾಗುತ್ತವೆ. ನೀಲಿಯಲ್ಲಿ ಮೇಲು ಕೆಳಗು ಕಣ್ಣಿಗೆ ತಿಳಿಯದು. ಸುತ್ತ 1 ಇಂಚು ಹೆಚ್ಚುವರಿ ಅಂಚಿರಲಿ, ಅಂಟಿಸುವಾಗ ಒಂದರ ಮೇಲೊಂದು ಕೂರಲು ಬೇಕು. ಮೇಜಿಗೆ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು. ಬಣ್ಣ ಬಟ್ಟೆಯ ಆಚೆಗೂ ಇಳಿಯುತ್ತದೆ, ಮೇಜಿಗೆ ಅಂಟಿದ ಚೌಕ ಹರಿಯದೆ ಬರುವುದಿಲ್ಲ. ನೂರಕ್ಕೆ ನೂರು ಅಕ್ರಿಲಿಕ್ ಬಣ್ಣವನ್ನೇ ಬಳಸಿ, ತೆಳುವಾಗಿ ಎರಡು ಕೈ ಹಚ್ಚಿಸಿ. ಹುಡುಗರು ಉತ್ಸಾಹದಲ್ಲಿ ದಪ್ಪ ಬಳಿಯುತ್ತಾರೆ. ಬಟ್ಟೆ ಗಡುಸಾಗಿ ಮೂಲೆ ಎದ್ದು ನಿಲ್ಲುತ್ತದೆ. ಪ್ರತಿ ಬಣ್ಣವನ್ನೂ ಇಡೀ ಚಿತ್ರಕ್ಕೆ ಆಗುವಷ್ಟು ಒಂದೇ ಸಲ ಕಲಸಿ, ಮುಚ್ಚಳದ ಡಬ್ಬಿಗೆ ತುಂಬಿ ಸಂಖ್ಯೆ ಬರೆಯಿರಿ. ಮುಗಿದ ಮೇಲೆ ಮತ್ತೆ ಕಲಸಿದ ಬಣ್ಣ ಎಂದೂ ಮೊದಲಿನದಕ್ಕೆ ಹೊಂದುವುದಿಲ್ಲ, ಪಕ್ಕದ ಎರಡು ಚೌಕಗಳ ನಡುವೆ ಗೆರೆ ಎದ್ದು ಕಾಣುತ್ತದೆ.

ಅಂಟಿಸುವ ಮುನ್ನ ಗೋಡೆಯ ತೇವ ನೋಡಿ. ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಾಕಿ ಒಂದು ದಿನ ಬಿಟ್ಟರೆ, ಒಳಗೆ ನೀರಿನ ಹನಿ ಕಟ್ಟಿದೆಯೇ ಎಂಬುದರಲ್ಲಿ ಉತ್ತರ ಸಿಗುತ್ತದೆ. ಹನಿ ಕಟ್ಟಿದರೆ ಕಾರಣ ಹುಡುಕಿ ಸರಿಪಡಿಸುವವರೆಗೆ ಮುಂದುವರಿಯಬೇಡಿ. ಗೋಡೆಯಲ್ಲಿ ಉಪ್ಪು ಬಿಳಿಯಾಗಿ ಎದ್ದಿದ್ದರೂ ಅಷ್ಟೇ. ಎಷ್ಟು ಗಟ್ಟಿ ಅಂಟಾದರೂ ಗುಳ್ಳೆ ಬಂದು ಕಳಚುತ್ತದೆ. ಗೋಡೆಗೆ ಮೊದಲು ಬಳಿದ ಪ್ರೈಮರ್ ಎಂಬ ತಳಪದರ ಒಣಗಿದ ಮೇಲೆ, ಅಂಟಾಗಿ ಬಳಸುವ ಅಕ್ರಿಲಿಕ್ ಜೆಲ್ ಅನ್ನು ಗೋಡೆಗೂ ಬಟ್ಟೆಯ ಬೆನ್ನಿಗೂ ಹಚ್ಚಿ, ನಡುವಿನಿಂದ ಅಂಚಿನತ್ತ ಪ್ಲಾಸ್ಟಿಕ್ ಪಟ್ಟಿಯಿಂದ ಗಾಳಿ ತಳ್ಳಬೇಕು. ಬಿರುಬಿಸಿಲಲ್ಲಿ ಬಟ್ಟೆ ಕೂರುವ ಮೊದಲೇ ಜೆಲ್ ಕೆನೆ ಕಟ್ಟುತ್ತದೆ. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಅಕ್ರಿಲಿಕ್ ಸರಿಯಾಗಿ ಪದರ ಕಟ್ಟುವುದೇ ಇಲ್ಲ. ಎತ್ತರದ ಕೆಲಸ ತರಬೇತಿ ಪಡೆದ ದೊಡ್ಡವರದು, ಇದರಲ್ಲಿ ರಿಯಾಯಿತಿ ಇಲ್ಲ.

ಈಗ ಆ ಕೆಟ್ಟ ಅಭ್ಯಾಸದ ವಿಚಾರ. ಚೌಕದ ಮೇಲೆ ಗೆರೆ ಎಳೆದು ಸಂಖ್ಯೆ ಬರೆದಿಟ್ಟರೆ ಯಾರು ಬೇಕಾದರೂ ತುಂಬಬಹುದು. ಕುಂಚ ಹಿಡಿದು ಗೊತ್ತಿಲ್ಲದವರೂ ಮೊದಲ ದಿನವೇ ಅಚ್ಚುಕಟ್ಟಾಗಿ ಮಾಡುತ್ತಾರೆ, ಅದು ಅನುಕೂಲವೇ. ಆದರೆ ವಿನ್ಯಾಸವನ್ನು ಕಲಾವಿದರೊಬ್ಬರು ಮನೆಯಲ್ಲಿ ಕೂತು ಮುಗಿಸಿ ತಂದರೆ, ಯುವಜನರಿಗೆ ಉಳಿಯುವುದು 14ನೇ ಡಬ್ಬಿಯ ಬಣ್ಣವನ್ನು 14 ಎಂದು ಬರೆದ ಜಾಗಕ್ಕೆ ಹಚ್ಚುವ ಕೂಲಿ. ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲುಗಳ ಏಣಿಯಾಗಿ ತೋರಿಸಿದ್ದಾರೆ. ಕೆಳಗಿನ ಮೂರು ಮೆಟ್ಟಿಲುಗಳನ್ನು ಪಾಲ್ಗೊಳ್ಳುವಿಕೆ ಎಂದೇ ಅವರು ಒಪ್ಪುವುದಿಲ್ಲ. ಅವುಗಳಲ್ಲಿ ಎರಡನೆಯದರ ಹೆಸರು ಅಲಂಕಾರ. ಬರೀ ಸಂಖ್ಯೆ ತುಂಬಿಸುವ ಕಾರ್ಯಕ್ರಮ ಅಲ್ಲೇ ನಿಲ್ಲುತ್ತದೆ.

ಆದ್ದರಿಂದ ಸಮಯ ಹಂಚುವಾಗ ಅರ್ಧ ಪಾಲು ಬಣ್ಣಕ್ಕೆ ಮೊದಲೇ ಹೋಗಲಿ. 12 ವಾರ ಇದ್ದರೆ ಮೊದಲ 6 ವಾರ ಮಾತು, ಓಡಾಟ, ಕಾಗದದ ಮೇಲಿನ ಚಿತ್ರ. ಒಂದು ಮೇಜಿಗೆ 6ರಿಂದ 8 ಜನ, ಎರಡೂ ಕಡೆಯವರು ಸಮಸಮ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ, ಗುಂಪುಗಳ ನಡುವಿನ ಪೂರ್ವಗ್ರಹ ಕರಗಲು ಬೇಕೆಂದು ಹೇಳಿದ ನಾಲ್ಕು ಷರತ್ತುಗಳು ಇಲ್ಲಿ ಹೆಜ್ಜೆಹೆಜ್ಜೆಗೂ ನೆನಪಿರಬೇಕು: ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಮೇಲಿನವರ ಬೆಂಬಲ. ಒಂದು ಬೀದಿಯವರು ವಿನ್ಯಾಸ ಮಾಡಿ ಇನ್ನೊಂದು ಬೀದಿಯವರು ಕುಂಚ ತೊಳೆದರೆ ಮೊದಲನೆಯದೇ ಮುರಿಯಿತು, ಹಳೆಯ ಹಗೆ ಹೊಸ ರೂಪದಲ್ಲಿ ಮೇಜಿಗೆ ಬಂದು ಕೂತಿತು. ಬಣ್ಣ ಕಲಸುವ ಕೆಲಸ ಜೋಡಿಗೆ ಕೊಡಿ, ಒಂದೊಂದು ಕಡೆಯಿಂದ ಒಬ್ಬೊಬ್ಬರು. ಒಬ್ಬಳು ಹಳದಿ ಸುರಿಯುವಾಗ ಇನ್ನೊಬ್ಬ ‘ಸಾಕು, ಇನ್ನೊಂದು ಹನಿ ಅಷ್ಟೇ’ ಎನ್ನಲೇಬೇಕಾಗುತ್ತದೆ. ಮಾತು ಬಿಟ್ಟವರ ನಡುವೆ ಮೊದಲ ಮಾತು ಹೀಗೆ ಹುಟ್ಟುತ್ತದೆ. ಚಿತ್ರದಲ್ಲಿ ಯಾರ ಗುರುತು, ಯಾವ ಬಣ್ಣ, ಸತ್ತ ಯಾರ ಮುಖ ಬರಬೇಕು ಎಂಬ ಜಗಳ ಬಂದೇ ಬರುತ್ತದೆ. ಕಲಾವಿದರು ತೀರ್ಪು ಕೊಡಬಾರದು. ಆ ಜಗಳ ಮೇಜಿನಲ್ಲೇ ನಡೆದು ಮುಗಿಯಲಿ, ಇಲ್ಲವಾದರೆ ರಾತ್ರೋರಾತ್ರಿ ಗೋಡೆಯ ಮೇಲೆ ಮಸಿಯಾಗಿ ಬರುತ್ತದೆ.

ನೇರ ಗೋಡೆಗೆ ಬರೆಯುವುದಕ್ಕೂ ಅದರದೇ ಬಲವಿದೆ. ಕಲಾವಿದೆ ಜೂಡಿ ಬಾಕಾ ಅವರ ನೇತೃತ್ವದಲ್ಲಿ ಲಾಸ್ ಏಂಜಲೀಸ್‌ನ ಪ್ರವಾಹ ಕಾಲುವೆಯ ಕಾಂಕ್ರೀಟಿನ ಮೇಲೆ 1976ರಿಂದ ಹಲವು ಬೇಸಿಗೆಗಳಲ್ಲಿ 400ಕ್ಕೂ ಹೆಚ್ಚು ಯುವಜನರು ಸುಮಾರು ಅರ್ಧ ಮೈಲಿ ಉದ್ದದ ಚಿತ್ರ ಬರೆದರು. ಕಾನೂನಿನ ಕೈಗೆ ಸಿಕ್ಕವರೂ ಅವರಲ್ಲಿದ್ದರು. ಬೀದಿಯಲ್ಲಿ ಹಾದುಹೋಗುವವರು ನಿಂತು ಮಾತಾಡಿಸುವುದು, ದಿನದಿನಕ್ಕೂ ಚಿತ್ರ ಬೆಳೆಯುವುದನ್ನು ಊರೇ ನೋಡುವುದು ಬಟ್ಟೆಯಲ್ಲಿ ಸಿಗುವುದಿಲ್ಲ. ಹಾಗಾಗಿ ನೆಲದಿಂದ ಭುಜದೆತ್ತರದ ಪಟ್ಟಿಯನ್ನು ಗೋಡೆಯ ಮೇಲೇ ಬರೆಯಲು ಬಿಟ್ಟು, ಮೇಲಿನದನ್ನು ಬಟ್ಟೆಯಲ್ಲಿ ಮಾಡುವುದು ಒಳ್ಳೆಯದು. ಕಲ್ಲು, ಚೆಂಡು, ಕೈ ತಾಗಿ ಕೆಡುವುದೂ ಆ ಕೆಳಭಾಗವೇ, ನೇರ ಬಣ್ಣವಾದರೆ ತಿದ್ದುವುದು ಸುಲಭ.

ಗೋಡೆಯ ಮಾಲೀಕರಿಂದ ಎಷ್ಟು ವರ್ಷದ ಒಪ್ಪಿಗೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮುಖ ಬರುವವರ ಲಿಖಿತ ಒಪ್ಪಿಗೆಯೂ ಬೇಕು, 18 ತುಂಬದವರಾದರೆ ಪೋಷಕರದೂ. ಉಳಿದ ಬಣ್ಣದ ಡಬ್ಬಿಗಳನ್ನು ಸಂಖ್ಯೆ ಅಳಿಸದೆ ತಂಪಾದ ಕೋಣೆಯಲ್ಲಿಡಿ, ಜೊತೆಗೆ ಎರಡು ಮೀಟರ್ ಬಟ್ಟೆ. ಎರಡೂ ಬೀದಿಗಳಿಂದ ತಲಾ ಇಬ್ಬರ ಕೈಗೆ ಆ ಕೋಣೆಯ ಕೀಲಿ ಇರಲಿ.